ಜೆಲ್‌ನ ರಂಧ್ರಗಳೋ, ಮಂಜುಗಡ್ಡೆಯ ಅಚ್ಚೋ: ಒಂದು ಸೆಮ್ ಚಿತ್ರದ ಪ್ರಕರಣ

ನಮ್ಮ ಉಪಕರಣ ಕೇಂದ್ರಕ್ಕೆ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ತಮ್ಮ ಪಿಎಚ್.ಡಿ. ಪ್ರಬಂಧದ ಕೊನೆಯ ಕೆಲವು ಚಿತ್ರಗಳಿಗಾಗಿ ಮೂರು ಮಾದರಿಗಳನ್ನು ತಂದಿದ್ದರು. ಕಂದು ಕಡಲಪಾಚಿಯಿಂದ ತೆಗೆಯುವ ಸೋಡಿಯಂ ಆಲ್ಜಿನೇಟ್ ಎಂಬ ಪಾಲಿಮರನ್ನು, ಅಂದರೆ ಉದ್ದ ಸರಪಳಿಗಳಂಥ ಅಣುಗಳ ಪದಾರ್ಥವನ್ನು, ನೀರಿನಲ್ಲಿ 1.5 ಶೇಕಡಾ ಪ್ರಮಾಣದಲ್ಲಿ ಕರಗಿಸಿ, ಅದಕ್ಕೆ ಮೂರು ಬೇರೆ ಬೇರೆ ಪ್ರಮಾಣಗಳಲ್ಲಿ ಕ್ಯಾಲ್ಸಿಯಂ ಬೆರೆಸಿ ಜೆಲ್ ಕಟ್ಟಿಸಲಾಗಿತ್ತು. ಆಲ್ಜಿನೇಟ್ ಸರಪಳಿಗಳ ನಡುವೆ ಕ್ಯಾಲ್ಸಿಯಂ ಅಯಾನುಗಳು ಕೊಂಡಿಗಳಾಗಿ ನಿಲ್ಲುವುದರಿಂದ ಹರಿಯುವ ದ್ರಾವಣವು ಕೈಯಲ್ಲಿ ಹಿಡಿಯಬಹುದಾದ ಬಿಲ್ಲೆಯಾಗುತ್ತದೆ. ಈ ಬಿಲ್ಲೆಗಳನ್ನು ಅವರು ವಿಭಾಗದ ಫ್ರಿಜ್‌ನ ಫ್ರೀಜರ್‌ನಲ್ಲಿ, ಮೈನಸ್ 20 ಡಿಗ್ರಿಯಲ್ಲಿ, ರಾತ್ರಿಯಿಡೀ ಇಟ್ಟು ಗಟ್ಟಿಯಾಗಿಸಿ, ಎರಡು ದಿನ ಫ್ರೀಜ್ ಡ್ರೈಯರ್‌ನಲ್ಲಿ ಒಣಗಿಸಿ, ಬ್ಲೇಡಿನಿಂದ ಕತ್ತರಿಸಿ ತಂದಿದ್ದರು. ನಾವು ಅವುಗಳ ಮೇಲೆ ಸುಮಾರು 10 ನ್ಯಾನೋಮೀಟರ್ ದಪ್ಪದ ಚಿನ್ನದ ಲೇಪ ಕೊಟ್ಟು, ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ, ಅಂದರೆ ನಾವೆಲ್ಲ ಸೆಮ್ ಎಂದು ಕರೆಯುವ ಯಂತ್ರದಲ್ಲಿ, 5 ಕಿಲೋವೋಲ್ಟ್‌ನಲ್ಲಿ ಚಿತ್ರ ತೆಗೆದೆವು.

ಚಿತ್ರಗಳು ಬಹಳ ಚೆನ್ನಾಗಿ ಬಂದವು. ಜೇನುಹುಟ್ಟಿನಂತೆ ಒಂದಕ್ಕೊಂದು ಅಂಟಿಕೊಂಡ ಕೋಶಗಳು, ಅವುಗಳ ನಡುವೆ ಕಾಗದದಷ್ಟು ತೆಳ್ಳಗಿನ ಗೋಡೆಗಳು. ಕ್ಯಾಲ್ಸಿಯಂ ಕಡಿಮೆಯಿದ್ದ ಮಾದರಿಯಲ್ಲಿ ಕೋಶಗಳ ಅಗಲ ಸರಾಸರಿ 110 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ, ಅಂದರೆ 1,000 ನ್ಯಾನೋಮೀಟರ್), ಮಧ್ಯಮ ಮಾದರಿಯಲ್ಲಿ 80, ಹೆಚ್ಚಿದ್ದ ಮಾದರಿಯಲ್ಲಿ 50. ಕ್ಯಾಲ್ಸಿಯಂ ಹೆಚ್ಚಿದಂತೆ ಪಾಲಿಮರ್ ಜಾಲವು ಬಿಗಿಯಾಗಿ ರಂಧ್ರಗಳು ಕಿರಿದಾಗುತ್ತವೆ ಎಂಬ ಅಡಿಬರಹವನ್ನು ಅವರು ಅದಾಗಲೇ ಬರೆದಿಟ್ಟಿದ್ದರು. ಚಿತ್ರವೂ ಸಿದ್ಧಾಂತವೂ ಹೀಗೆ ಕೈಕೈ ಹಿಡಿದು ಬಂದಾಗ ಯಾರಿಗಾದರೂ ಸಮಾಧಾನವಾಗುವುದು ಸಹಜ. ನಾನೂ ಅಂಥ ಚಿತ್ರಗಳನ್ನು ವರ್ಷಗಟ್ಟಲೆ ತೆಗೆದುಕೊಟ್ಟಿದ್ದೇನೆ, ಒಂದು ಪ್ರಶ್ನೆಯನ್ನೂ ಕೇಳದೆ.

ಈ ಸಲ ಪ್ರಶ್ನೆ ಹುಟ್ಟಿದ್ದು ಆಕಸ್ಮಿಕವಾಗಿ. ಹೋಲಿಕೆಗಾಗಿ ಕೇಂದ್ರದ ಹಳೆಯ ಕಡತಗಳನ್ನು ತೆರೆದಾಗ ಕೈಟೋಸಾನ್, ಜೆಲಾಟಿನ್, ಪಾಲಿವಿನೈಲ್ ಆಲ್ಕೋಹಾಲ್, ಗಂಜಿಪಿಷ್ಟ, ಹೀಗೆ ರಾಸಾಯನಿಕವಾಗಿ ಒಂದಕ್ಕೊಂದು ಸಂಬಂಧವೇ ಇಲ್ಲದ ಪದಾರ್ಥಗಳ ಜೆಲ್‌ಗಳೆಲ್ಲ ಒಂದೇ ಮನೆಯ ಮಕ್ಕಳಂತೆ ಕಾಣುತ್ತಿದ್ದವು. ಎಲ್ಲದರಲ್ಲೂ ಅದೇ ಜೇನುಹುಟ್ಟು, ಎಲ್ಲದರಲ್ಲೂ ಹತ್ತರಿಂದ ನೂರೈವತ್ತು ಮೈಕ್ರಾನ್ ಕೋಶಗಳು. ಪಾಲಿಮರ್ ಬದಲಾದರೂ ಚಿತ್ರ ಬದಲಾಗದಿದ್ದರೆ, ಆ ಚಿತ್ರ ಪಾಲಿಮರಿನದ್ದಲ್ಲದೆ ಎಲ್ಲ ಮಾದರಿಗಳಲ್ಲೂ ಇದ್ದ ಬೇರೊಂದು ವಸ್ತುವಿನದ್ದಾಗಿರಬೇಕು. ಎಲ್ಲದರಲ್ಲೂ ಇದ್ದದ್ದು ನೀರು. ಎಲ್ಲವೂ ಹಾದುಬಂದದ್ದು ಫ್ರೀಜರ್.

ಲೆಕ್ಕ ಹಾಕಿ ನೋಡಿದಾಗ

ವಿದ್ಯಾರ್ಥಿನಿಯ ಬಳಿ ಇದೇ ಜೆಲ್‌ಗಳ ರಿಯೋಮೀಟರ್ ಅಳತೆಗಳಿದ್ದವು; ಜೆಲ್ ಎಷ್ಟು ಬಿಗಿ ಎಂದು ಅಳೆಯುವ ಯಂತ್ರ ಅದು. ಮಧ್ಯಮ ಮಾದರಿಯ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 4,000 ಪಾಸ್ಕಲ್. ಜಾಲದ ಒಂದೊಂದು ಕಣ್ಣಿಗೂ ಸುಮಾರು ಒಂದು ಉಷ್ಣಶಕ್ತಿಯಷ್ಟು (ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ನಿರಪೇಕ್ಷ ಉಷ್ಣತೆಯಿಂದ ಗುಣಿಸಿದಷ್ಟು) ಬಿಗುವು ಸಲ್ಲುತ್ತದೆ ಎಂಬ ರಬ್ಬರ್ ಸಿದ್ಧಾಂತದ ಸ್ಥೂಲ ಸಂಬಂಧವನ್ನು ಬಳಸಿ, ಕೋಣೆಯ ಉಷ್ಣತೆಯಲ್ಲಿನ ಉಷ್ಣಶಕ್ತಿಯನ್ನು ಈ ಗುಣಾಂಕದಿಂದ ಭಾಗಿಸಿ ಘನಮೂಲ ತೆಗೆದರೆ ಜಾಲದ ಕಣ್ಣಿನ ಅಳತೆ ಸುಮಾರು 10 ನ್ಯಾನೋಮೀಟರ್ ಎಂದು ಬರುತ್ತದೆ. ಇದು ಅಂದಾಜಿನ ಲೆಕ್ಕ. ಆಲ್ಜಿನೇಟ್‌ನಂಥ ಬಿರುಸು ಸರಪಳಿಗಳಿಗೆ ಎರಡು ಮೂರು ಪಟ್ಟು ಹೆಚ್ಚುಕಡಿಮೆಯಾದರೂ ಆಶ್ಚರ್ಯವಿಲ್ಲ. ಆದರೆ ಸೆಮ್ ಚಿತ್ರದ ರಂಧ್ರ 80 ಮೈಕ್ರಾನ್, ಅಂದರೆ ಎಂಟು ಸಾವಿರ ಪಟ್ಟು. ಅಂದಾಜಿನ ತಪ್ಪು ಎಂದು ತಳ್ಳಿಹಾಕಬಹುದಾದ ಅಂತರ ಇದಲ್ಲ.

ಇನ್ನೊಂದು ಲೆಕ್ಕ ನನಗೆ ಇದಕ್ಕಿಂತಲೂ ಮನವರಿಕೆಯಾಗುವಂಥದ್ದೆನಿಸಿತು. ಜೆಲ್‌ನಲ್ಲಿರುವ ಪಾಲಿಮರ್ ಗಾತ್ರದ ಲೆಕ್ಕದಲ್ಲಿ ಶೇಕಡಾ ಒಂದರಷ್ಟು ಮಾತ್ರ. ಅಷ್ಟೂ ಪಾಲಿಮರ್ 80 ಮೈಕ್ರಾನ್ ಕೋಶಗಳ ಗೋಡೆಗಳಲ್ಲೇ ಕೂತಿದೆ ಎಂದುಕೊಂಡರೆ ಗೋಡೆಯ ದಪ್ಪ ಸುಮಾರು ಕಾಲು ಮೈಕ್ರಾನ್ ಆಗಬೇಕು, ಚಿತ್ರದಲ್ಲಿ ಕಂಡದ್ದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಗೋಡೆಗಳು ನೀರಿಲ್ಲದ ಗಟ್ಟಿ ಪಾಲಿಮರ್. ಈ ರಚನೆ ಒದ್ದೆ ಜೆಲ್‌ನಲ್ಲಿಯೂ ಹೀಗೆಯೇ ಇತ್ತು ಎನ್ನುವುದಾದರೆ, ನೀರನ್ನು ಅಷ್ಟು ಪ್ರೀತಿಸುವ ಆಲ್ಜಿನೇಟ್ ನಾಲ್ಕೂ ಕಡೆ ನೀರಿರುವಾಗ ನೀರನ್ನೇ ಹೀರದೆ ಒಣಹಾಳೆಯಾಗಿ ನಿಂತಿತ್ತು ಎಂದು ಒಪ್ಪಬೇಕಾಗುತ್ತದೆ.

ಹೆಪ್ಪುಗಟ್ಟುವಾಗ ಏನಾಗುತ್ತದೆ ಎಂಬುದನ್ನು ತಿಳಿಯಲು ಪ್ರಯೋಗಾಲಯಕ್ಕೆ ಬರಬೇಕಾಗಿಲ್ಲ. ಐಸ್‌ಕ್ಯಾಂಡಿಯನ್ನು ಬಾಯಲ್ಲಿಟ್ಟು ಜೋರಾಗಿ ಹೀರಿದರೆ ಬಣ್ಣವೂ ಸಿಹಿಯೂ ಮೊದಲೇ ಹೊರಬಂದು ಕೈಯಲ್ಲಿ ಸಪ್ಪೆಯಾದ ಬಿಳಿ ಮಂಜುಗಡ್ಡೆ ಉಳಿಯುತ್ತದೆ. ಮಂಜಿನ ಹರಳು ತನ್ನ ಜಾಲಕದೊಳಗೆ ಸಕ್ಕರೆಗಾಗಲಿ ಬಣ್ಣಕ್ಕಾಗಲಿ ಜಾಗ ಕೊಡುವುದಿಲ್ಲವಾದ್ದರಿಂದ ಅವೆಲ್ಲ ಹರಳುಗಳ ನಡುವಿನ ಸಂದುಗಳಿಗೆ ಸರಿದಿರುತ್ತವೆ. ಪಾಲಿಮರಿಗೂ ಇದೇ ಗತಿ. ಹರಳು ಬೆಳೆದಂತೆ ಸರಪಳಿಗಳನ್ನು ತಳ್ಳುತ್ತ ಹೋಗುತ್ತದೆ. ಎರಡು ಹರಳುಗಳು ಎದುರಾದ ಕಡೆ ನಡುವೆ ಸಿಕ್ಕ ಪಾಲಿಮರ್ ಹಿಂಡಿ ಗೋಡೆಯಾಗುತ್ತದೆ. ಬಳಿಕ ಫ್ರೀಜ್ ಡ್ರೈಯರ್‌ನಲ್ಲಿ, 611 ಪಾಸ್ಕಲ್‌ಗಿಂತ ಎಷ್ಟೋ ಕಡಿಮೆ ಒತ್ತಡದಲ್ಲಿ, ಮಂಜು ಕರಗದೆ ನೇರವಾಗಿ ಆವಿಯಾಗಿ ಹೋದಾಗ ಹರಳುಗಳಿದ್ದ ಜಾಗ ಖಾಲಿಯಾಗಿ ಗೋಡೆಗಳು ಮಾತ್ರ ನಿಲ್ಲುತ್ತವೆ. ಕಿರಾಣಿ ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಸಿಗುವ ಹಗುರವಾದ, ಸ್ಪಂಜಿನಂಥ ಬಿಳಿ ಪಟ್ಟಿಗಳೂ ಇದೇ ಹಾದಿಯಲ್ಲಿ ಬಂದವು. ಕಡಲಪಾಚಿಯ ಜೆಲ್‌ಅನ್ನು ಚಳಿಗಾಲದ ರಾತ್ರಿಗಳಲ್ಲಿ ಹೊರಗಿಟ್ಟು ಹೆಪ್ಪುಗಟ್ಟಿಸಿ, ಹಗಲು ಕರಗಿಸಿ ಒಣಗಿಸುವ ಆ ಪದ್ಧತಿ ಜಪಾನಿನಲ್ಲಿ 17ನೇ ಶತಮಾನದಿಂದ ಇದೆ. ಆ ಪಟ್ಟಿಯ ತೂತುಗಳನ್ನು ಹೊಸದಾಗಿ ಮಾಡಿದ ಜೆಲ್ಲಿಯ ರಂಧ್ರಗಳೆಂದು ಅಡುಗೆಮನೆಯಲ್ಲಿ ಯಾರೂ ಹೇಳುವುದಿಲ್ಲ.

ಕೊಂಡಿಯೇ ಇಲ್ಲದ ಮಾದರಿ

ಈ ವಿವರಣೆ ಸರಿಯಾಗಿದ್ದರೆ ಅದನ್ನು ಪರೀಕ್ಷಿಸುವ ಅತಿ ಸುಲಭದ ದಾರಿ ಒಂದಿತ್ತು. ಕ್ಯಾಲ್ಸಿಯಂ ಹಾಕದ, ಜೆಲ್ ಆಗಿಯೇ ಇರದ, ಬಾಟಲಿ ಓರೆ ಮಾಡಿದರೆ ಸುರಿದುಹೋಗುವ ಬರೀ ಆಲ್ಜಿನೇಟ್ ದ್ರಾವಣವನ್ನು ಅದೇ ಫ್ರೀಜರ್‌ನಲ್ಲಿಟ್ಟು, ಅದೇ ರೀತಿ ಒಣಗಿಸಿ, ಅದೇ ಸ್ಟಬ್‌ನ ಮೇಲೆ ಅಂಟಿಸಿ ನೋಡುವುದು. ದ್ರಾವಣದಲ್ಲಿ ಶಾಶ್ವತ ಜಾಲವಿಲ್ಲ, ಆದ್ದರಿಂದ ಜಾಲದ ರಂಧ್ರವೂ ಇರಲಾರದು. ವಿದ್ಯಾರ್ಥಿನಿ ಒಂದು ವಾರದಲ್ಲಿ ಮಾದರಿ ತಂದರು. ಪರದೆಯ ಮೇಲೆ ಮೂಡಿದ್ದು ಅದೇ ಜೇನುಹುಟ್ಟು. ನಾಲ್ಕು ಚಿತ್ರಗಳ ಹೆಸರುಗಳನ್ನು ಮುಚ್ಚಿಟ್ಟು ಅವರ ಮಾರ್ಗದರ್ಶಕರಿಗೆ ತೋರಿಸಿದಾಗ ಯಾವುದು ದ್ರಾವಣದ್ದು, ಯಾವುದು ಜೆಲ್‌ನದ್ದು ಎಂದು ಅವರಿಗೆ ಹೇಳಲಾಗಲಿಲ್ಲ. ನನಗೂ ಆಗುತ್ತಿರಲಿಲ್ಲ.

ಎರಡನೆಯ ಪರೀಕ್ಷೆಯಲ್ಲಿ ಮಾದರಿಯನ್ನು ಹಾಗೆಯೇ ಉಳಿಸಿಕೊಂಡು ಹೆಪ್ಪುಗಟ್ಟಿಸುವ ವೇಗವನ್ನು ಮಾತ್ರ ಬದಲಿಸಿದೆವು. ಮಧ್ಯಮ ಜೆಲ್‌ನ ಒಂದೇ ಅಚ್ಚಿನಿಂದ ತೆಗೆದ ಬಿಲ್ಲೆಗಳಲ್ಲಿ ಮೈನಸ್ 20ರ ಫ್ರೀಜರ್‌ನಲ್ಲಿಟ್ಟದ್ದರ ಕೋಶಗಳು ನೂರು ಮೈಕ್ರಾನ್‌ನ ಆಸುಪಾಸಿನಲ್ಲಿ, ಮೈನಸ್ 80ರಲ್ಲಿಟ್ಟದ್ದರವು ನಲವತ್ತರ ಆಸುಪಾಸಿನಲ್ಲಿ, ದ್ರವ ಸಾರಜನಕದಲ್ಲಿ ಅದ್ದಿದ್ದರವು ಅಂಚಿನಲ್ಲಿ ಹತ್ತಕ್ಕೂ ಕಡಿಮೆ ಇದ್ದವು. ನಿಧಾನವಾಗಿ ತಣ್ಣಗಾದರೆ ಕೆಲವೇ ಹರಳುಗಳು ಹುಟ್ಟಿ ದೊಡ್ಡದಾಗಿ ಬೆಳೆಯುತ್ತವೆ, ಬೇಗ ತಣ್ಣಗಾದರೆ ಬಹಳ ಹರಳುಗಳು ಹುಟ್ಟಿ ಒಂದಕ್ಕೊಂದು ಅಡ್ಡಬಂದು ಚಿಕ್ಕದಾಗಿಯೇ ನಿಲ್ಲುತ್ತವೆ. ಅಷ್ಟೇ ಅಲ್ಲ, ಲೋಹದ ತಟ್ಟೆಯ ಮೇಲಿಟ್ಟು ತಣ್ಣಗಾಗಿಸಿದ ಬಿಲ್ಲೆಯಲ್ಲಿ ಕೋಶಗಳು ತಟ್ಟೆಗೆ ಲಂಬವಾಗಿ ಕೊಳವೆಗಳಂತೆ ಎದ್ದು ನಿಂತಿದ್ದವು. ಜೆಲ್‌ಗೆ ತಟ್ಟೆ ಯಾವ ಕಡೆಯಿದೆ ಎಂದು ಗೊತ್ತಿರಲು ಕಾರಣವಿಲ್ಲ, ಕೆಳಗಿನಿಂದ ಮೇಲಕ್ಕೆ ಬೆಳೆಯುವ ಮಂಜಿಗೆ ಗೊತ್ತಿರುತ್ತದೆ.

ಹಾಗಾದರೆ ಕ್ಯಾಲ್ಸಿಯಂ ಹೆಚ್ಚಿದಂತೆ ರಂಧ್ರ ಕಿರಿದಾದ ಆ ಅಚ್ಚುಕಟ್ಟಾದ ಕ್ರಮ ಎಲ್ಲಿಂದ ಬಂತು? ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ ಭಾಗ ಇದು. ಅವರ ಪ್ರಯೋಗದ ಪುಸ್ತಕ ತೆರೆದು ನೋಡಿದಾಗ ಮೂರು ಜೆಲ್‌ಗಳನ್ನು ಮೂರು ಬೇರೆ ವಾರಗಳಲ್ಲಿ ಹೆಪ್ಪುಗಟ್ಟಿಸಿದ್ದು ತಿಳಿಯಿತು. ಒಂದು ಸಲ ಬಿಲ್ಲೆ ಫ್ರೀಜರ್‌ನ ಬಾಗಿಲ ಬದಿಯ ತಟ್ಟೆಯಲ್ಲಿತ್ತು, ಇನ್ನೊಂದು ಸಲ ಹಿಂಬದಿಯ ಹಿಮಗಟ್ಟಿದ ಗೋಡೆಗೆ ತಾಗಿಕೊಂಡಿತ್ತು. ನೀರು ಶೂನ್ಯ ಡಿಗ್ರಿ ತಲುಪಿದ ತಕ್ಷಣ ಮಂಜಾಗಬೇಕೆಂದಿಲ್ಲ. ಹಲವು ಡಿಗ್ರಿ ಕೆಳಗಿಳಿದ ಮೇಲೂ ದ್ರವವಾಗಿಯೇ ಉಳಿದು ಯಾವುದೋ ಒಂದು ಕ್ಷಣ ತಟ್ಟನೆ ಹೆಪ್ಪುಗಟ್ಟುತ್ತದೆ, ಮತ್ತು ಆ ಕ್ಷಣ ಎಷ್ಟು ತಡವಾಗಿ ಬರುತ್ತದೆಯೋ ಹರಳುಗಳು ಅಷ್ಟು ಚಿಕ್ಕದಾಗಿರುತ್ತವೆ. ಪ್ರತಿ ಸಂಯೋಜನೆಯ ಐದೈದು ಬಿಲ್ಲೆಗಳನ್ನು ಒಂದೇ ತಟ್ಟೆಯಲ್ಲಿ ಒಂದೇ ರಾತ್ರಿ ಇಟ್ಟು ಪ್ರಯೋಗವನ್ನು ಮರಳಿ ಮಾಡಿದಾಗ, ಒಂದೇ ಸಂಯೋಜನೆಯ ಐದು ಬಿಲ್ಲೆಗಳ ನಡುವಿನ ವ್ಯತ್ಯಾಸವೇ ಮೂರು ಸಂಯೋಜನೆಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಾಗಿತ್ತು. ಕ್ರಮ ಅಳಿಸಿಹೋಯಿತು. ಮೊದಲ ಸಲದ ಫಲಿತಾಂಶ ಸಿದ್ಧಾಂತಕ್ಕೆ ವಿರುದ್ಧವಾಗಿ ಬಂದಿದ್ದರೆ ಅವರು ಅಂದೇ ಅನುಮಾನಿಸಿ ಮತ್ತೊಮ್ಮೆ ಮಾಡುತ್ತಿದ್ದರು. ಅನುಕೂಲವಾಗಿ ಬಂದದ್ದರಿಂದ ಅದು ಎಂಟು ತಿಂಗಳು ಕಡತದಲ್ಲಿ ಭದ್ರವಾಗಿ ಕುಳಿತಿತ್ತು.

ಇಷ್ಟಾದ ಮೇಲೆ ಒದ್ದೆ ಜೆಲ್‌ಅನ್ನು ಒದ್ದೆಯಾಗಿಯೇ ನೋಡುವ ಎರಡು ಅಗ್ಗದ ಪರೀಕ್ಷೆಗಳನ್ನು ಮಾಡಿದೆವು. ಮೊದಲನೆಯದಕ್ಕೆ ಬೇಕಾದದ್ದು ಆ ದಿನದ ವೃತ್ತಪತ್ರಿಕೆ. ನಾಲ್ಕು ಮಿಲಿಮೀಟರ್ ದಪ್ಪದ ಬಿಲ್ಲೆಯನ್ನು ಅದರ ಮೇಲಿಟ್ಟರೆ ಕೆಳಗಿನ ಅಕ್ಷರಗಳು ಸ್ಪಷ್ಟವಾಗಿ ಓದಲು ಬಂದವು. ಒಳಗೆ ಗಟ್ಟಿ ಗೋಡೆಗಳೂ ನೀರು ತುಂಬಿದ ಕೋಣೆಗಳೂ ಇದ್ದಿದ್ದರೆ, ಎರಡರ ವಕ್ರೀಭವನ ಸೂಚ್ಯಂಕಗಳು ಬೇರೆಯಾದ್ದರಿಂದ ಬೆಳಕು ಪ್ರತಿ ಗೋಡೆಯಲ್ಲೂ ಚದುರಿ ಬಿಲ್ಲೆ ಹಾಲಿನಂತೆ ಕಾಣಬೇಕಿತ್ತು. ಎರಡನೆಯದಕ್ಕೆ ಅರ್ಧ ಮೈಕ್ರಾನ್ ವ್ಯಾಸದ ಪಾಲಿಸ್ಟೈರೀನ್ ಮಣಿಗಳನ್ನು ಜೆಲ್ ಕಟ್ಟುವ ಮುನ್ನವೇ ಬೆರೆಸಿ ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ನೀರಿನಲ್ಲಿ ಇಂಥ ಮಣಿ ಬ್ರೌನಿಯನ್ ಚಲನೆಯಿಂದ ಒಂದು ಸೆಕೆಂಡಿಗೆ ಸುಮಾರು ಎರಡು ಮೈಕ್ರಾನ್ ಅತ್ತಿತ್ತ ಸರಿಯುತ್ತದೆ. 80 ಮೈಕ್ರಾನ್ ಅಗಲದ ನೀರಿನ ಕೋಣೆಗಳಿದ್ದರೆ ಮಣಿಗಳು ಅವುಗಳೊಳಗೆ ಕುಣಿಯುತ್ತಿರಬೇಕಿತ್ತು. ಜೆಲ್‌ನಲ್ಲಿ ಒಂದು ಮಣಿಯೂ ಇದ್ದಲ್ಲಿಂದ ಕದಲಲಿಲ್ಲ. ಜಾಲದ ಕಣ್ಣು ಅರ್ಧ ಮೈಕ್ರಾನ್‌ಗಿಂತ ಚಿಕ್ಕದು ಎಂಬುದಕ್ಕೆ ಇಷ್ಟು ಸಾಕಿತ್ತು.

ಬೇರೆ ದಾರಿಗಳು, ಅವುಗಳ ಬೇರೆ ತೊಡಕುಗಳು

ಒಣಗಿಸುವ ವಿಧಾನ ಬದಲಿಸಿದರೆ ನಿಜವಾದ ಜಾಲ ಕಾಣಬಹುದಲ್ಲ ಎಂದು ಮಾರ್ಗದರ್ಶಕರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಹೆಪ್ಪುಗಟ್ಟಿಸದೆ ಗಾಳಿಯಲ್ಲೇ ಒಣಗಿಸಿದರೆ ನೀರಿನ ಮೇಲ್ಮೈ ಎಳೆತ ಜಾಲವನ್ನು ಕುಸಿಯುವಂತೆ ಮಾಡುತ್ತದೆ; 10 ನ್ಯಾನೋಮೀಟರ್ ತ್ರಿಜ್ಯದ ಸಂದಿನಲ್ಲಿ ಈ ಎಳೆತ ಸುಮಾರು 140 ವಾಯುಮಂಡಲದ ಒತ್ತಡಕ್ಕೆ ಸಮ, ಮತ್ತು ಅದನ್ನು ತಡೆದುಕೊಳ್ಳಲು 4,000 ಪಾಸ್ಕಲ್‌ನ ಜೆಲ್‌ಗೆ ಯಾವ ದಾರಿಯೂ ಇಲ್ಲ. ಬಿಲ್ಲೆ ಹಪ್ಪಳವಾಗುತ್ತದೆ, ಚಿತ್ರದಲ್ಲಿ ಒಂದು ರಂಧ್ರವೂ ಕಾಣುವುದಿಲ್ಲ. ಇಂಗಾಲದ ಡೈಆಕ್ಸೈಡನ್ನು 31 ಡಿಗ್ರಿ, ಸುಮಾರು 74 ಬಾರ್ ಎಂಬ, ದ್ರವಕ್ಕೂ ಅನಿಲಕ್ಕೂ ಭೇದ ಅಳಿಯುವ ಬಿಂದುವಿನಾಚೆಗೆ ಒಯ್ದು ಒಣಗಿಸುವ ಕ್ರಿಟಿಕಲ್ ಪಾಯಿಂಟ್ ವಿಧಾನದಲ್ಲಿ ಮೇಲ್ಮೈ ಎಳೆತವೇ ಇರುವುದಿಲ್ಲ. ಆದರೆ ಅದಕ್ಕೂ ಮುನ್ನ ನೀರನ್ನು ತೆಗೆದು ಎಥನಾಲ್ ತುಂಬಬೇಕು, ಆಲ್ಜಿನೇಟ್ ಎಥನಾಲ್‌ನಲ್ಲಿ ಕರಗದು; ಸರಪಳಿಗಳು ಒಂದನ್ನೊಂದು ಅಪ್ಪಿಕೊಂಡು ಕಟ್ಟುಕಟ್ಟಾಗಿ ನಾರುಗಳಾಗುತ್ತವೆ. ನಮಗೆ ಸಿಕ್ಕ ನೂಲಿನಂಥ ಜಾಲ ಮೊದಲಿನ ಜೇನುಹುಟ್ಟಿಗಿಂತ ನಿಜಕ್ಕೆ ಬಹಳ ಹತ್ತಿರವಾಗಿತ್ತು, ಆದರೂ ಅದರ ನಾರಿನ ದಪ್ಪವನ್ನು ಅಳೆದು ಕೋಷ್ಟಕ ಮಾಡಬೇಡಿ ಎಂದು ಹೇಳಬೇಕಾಯಿತು. ಅಲ್ಲದೆ 10 ನ್ಯಾನೋಮೀಟರ್ ಕಣ್ಣಿನ ಜಾಲದ ಮೇಲೆ 10 ನ್ಯಾನೋಮೀಟರ್ ಚಿನ್ನ ಬಳಿದು ಕಣ್ಣು ಹುಡುಕುವುದು ಕಿಟಕಿಗೆ ಸುಣ್ಣ ಬಳಿದು ಹೊರಗೆ ನೋಡಿದಂತೆ.

ನೀರನ್ನು ಹರಳಾಗಲು ಬಿಡದೆ ಗಾಜಿನಂತೆ ಗಟ್ಟಿಯಾಗಿಸುವುದೇ ಸರಿಯಾದ ಉಪಾಯ. 1981ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಜಾಕ್ ದ್ಯುಬೊಷೆ ಮತ್ತು ಅಲಾಸ್ಡೇರ್ ಮೆಕ್‌ಡೊವಾಲ್ ಅದನ್ನು ಸೂಕ್ಷ್ಮದರ್ಶನಕ್ಕೆ ಬಳಕೆಯಾಗುವಂತೆ ಸಾಧಿಸಿದರು. ದ್ಯುಬೊಷೆ ಅವರಿಗೆ 2017ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ದ್ರಾವಣಗಳಂಥ ಮಾದರಿಗಳನ್ನು ಆವಿಯಾಗಿ ಸಾಂದ್ರವಾಗದಂತೆ, ಉಷ್ಣತೆ ಮತ್ತು ತೇವಾಂಶಗಳನ್ನು ಹಿಡಿತದಲ್ಲಿಟ್ಟುಕೊಂಡು ಹೀಗೆ ಗಟ್ಟಿಯಾಗಿಸುವ ಉಪಕರಣವನ್ನು 1988ರಲ್ಲಿ ಪ್ರಕಟಿಸಿದ ತಂಡದಲ್ಲಿ, ಮುಂದೆ ಐಐಟಿ ಬಾಂಬೆಯಲ್ಲಿ ಪ್ರಾಧ್ಯಾಪಕರಾದ ಜಯೇಶ್ ಬೆಳ್ಳಾರೆ ಮೊದಲ ಲೇಖಕರು. ಇದಕ್ಕೆ ಸೆಕೆಂಡಿಗೆ ಲಕ್ಷ ಡಿಗ್ರಿಯ ಮಟ್ಟದ ವೇಗದಲ್ಲಿ ತಣ್ಣಗಾಗಿಸಬೇಕು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ನೇರವಾಗಿ ಮುಳುಗಿಸಿದರೆ ಈ ವೇಗ ಬರುವುದಿಲ್ಲ, ಏಕೆಂದರೆ ಕಾದ ದೋಸೆ ಹೆಂಚಿನ ಮೇಲೆ ಚಿಮುಕಿಸಿದ ನೀರಹನಿ ತನ್ನದೇ ಆವಿಯ ಹಾಸಿನ ಮೇಲೆ ಓಡಾಡುವ ಹಾಗೆ, ಇಲ್ಲಿಯೂ ಮಾದರಿಯ ಸುತ್ತ ಸಾರಜನಕದ ಆವಿಯ ಹೊದಿಕೆ ಏಳುತ್ತದೆ. ಅದಕ್ಕೇ ದ್ರವ ಈಥೇನ್ ಬಳಸುತ್ತಾರೆ. ಆಗಲೂ ಮಾದರಿ ಒಂದು ಮೈಕ್ರಾನ್‌ಗಿಂತ ತೆಳ್ಳಗಿರಬೇಕು. ನಮ್ಮದು ನಾಲ್ಕು ಮಿಲಿಮೀಟರ್ ಬಿಲ್ಲೆ.

ಬೇರೊಂದು ಊರಿನ ಸಂಸ್ಥೆಯಲ್ಲಿ ಕ್ರಯೋ ಸೆಮ್ ಸೌಲಭ್ಯವಿತ್ತು, ಅಂದರೆ ಮಾದರಿಯನ್ನು ಒಣಗಿಸದೆ ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ನೋಡುವ ಸೆಮ್; ವಿದ್ಯಾರ್ಥಿನಿ ಅಲ್ಲಿಗೆ ಹೋಗಿ ಬಂದರು. ಅರೆಗಟ್ಟಿಯಾದ ಸಾರಜನಕದಲ್ಲಿ ಮೈನಸ್ 210ರಲ್ಲಿ ಅದ್ದಿ, ಮುರಿದು, ಮೇಲ್ಪದರದ ಮಂಜನ್ನು ತುಸು ಆವಿಯಾಗಿಸಿ ತೆಗೆದ ಆ ಒಂದು ಚಿತ್ರ ನನ್ನ ದೃಷ್ಟಿಯಲ್ಲಿ ಇಡೀ ಪ್ರಬಂಧದಲ್ಲೇ ಬೆಲೆಬಾಳುವಂಥದ್ದು. ಮುರಿದ ಮೇಲ್ಮೈಯ ತೀರ ಅಂಚಿನ ಕೆಲವು ಮೈಕ್ರಾನ್‌ಗಳಷ್ಟು ಪಟ್ಟಿ ನುಣುಪಾಗಿತ್ತು; ಅಲ್ಲಿಂದ ಒಳಕ್ಕೆ ಸಣ್ಣ ಕೋಶಗಳು, ಇನ್ನೂ ಒಳಕ್ಕೆ ದೊಡ್ಡ ಕೋಶಗಳು. ಒಂದೇ ಜೆಲ್, ಒಂದೇ ಚಿತ್ರ, ಒಳಗೆ ಹೋದಂತೆ ತಂಪು ತಡವಾಗಿ ತಲುಪಿದ್ದಕ್ಕೆ ಸರಿಯಾಗಿ ಹಿಗ್ಗುತ್ತಾ ಹೋದ ರಂಧ್ರ. ಇದೇ ಜೆಲ್‌ನ ದುರ್ಬಲ ದ್ರಾವಣವನ್ನು ತೆಳುಪದರವಾಗಿಸಿ ಕ್ರಯೋ ಟ್ರಾನ್ಸ್‌ಮಿಷನ್ ಸೂಕ್ಷ್ಮದರ್ಶಕದಲ್ಲಿ, ಅಂದರೆ ಎಲೆಕ್ಟ್ರಾನ್ ಕಿರಣವನ್ನು ಹೆಪ್ಪುಗಟ್ಟಿದ ಮಾದರಿಯ ಮೂಲಕ ಹಾಯಿಸುವ ಯಂತ್ರದಲ್ಲಿ, ನೋಡಿದಾಗ ಬೂದುಬಣ್ಣದ ಸಪಾಟು ಹಿನ್ನೆಲೆಯ ಹೊರತು ಹೆಚ್ಚೇನೂ ಕಾಣಲಿಲ್ಲ. ಒಂದು ನ್ಯಾನೋಮೀಟರ್ ದಪ್ಪವೂ ಇಲ್ಲದ ಸರಪಳಿಗೂ ಸುತ್ತಲಿನ ಗಾಜುಮಂಜಿಗೂ ಎಲೆಕ್ಟ್ರಾನ್ ಸಾಂದ್ರತೆಯಲ್ಲಿ ಇರುವ ವ್ಯತ್ಯಾಸ ಅಲ್ಪ, ಮತ್ತು ಸ್ಪಷ್ಟತೆಗಾಗಿ ಕಿರಣದ ಪ್ರಮಾಣ ಹೆಚ್ಚಿಸಿದರೆ ಸರಪಳಿ ಒಡೆದು ಗುಳ್ಳೆಗಳೇಳುತ್ತವೆ. ಆ ಬೂದು ಚಿತ್ರವನ್ನು ವಿದ್ಯಾರ್ಥಿನಿ ಬಿಡಬೇಕೆಂದಿದ್ದರು. ಇರಲಿ ಎಂದು ನಾನೇ ಒತ್ತಾಯಿಸಿದೆ.

ಪ್ರಬಂಧದಲ್ಲಿ ಉಳಿದದ್ದು

ಜೇನುಹುಟ್ಟಿನ ಚಿತ್ರಗಳನ್ನು ಕೈಬಿಡುವುದು ಸುಲಭವಾಗಿರಲಿಲ್ಲ. ಇಂಥ ಚಿತ್ರವಿಲ್ಲದ ಹೈಡ್ರೋಜೆಲ್ ಲೇಖನವನ್ನು ವಿಮರ್ಶಕರೇ ಹಿಂದಿರುಗಿಸಿ ಸೆಮ್ ಎಲ್ಲಿ ಎಂದು ಕೇಳುತ್ತಾರೆ ಎಂಬ ಮಾರ್ಗದರ್ಶಕರ ಅಳಲು ಸುಳ್ಳೇನಲ್ಲ. ಚಿತ್ರಗಳಲ್ಲಿ ಕಂಡದ್ದು ಇಲ್ಲದ ವಸ್ತುವೂ ಅಲ್ಲ. ಒಣಗಿದ ಸ್ಪಂಜನ್ನೇ ಗಾಯಕ್ಕೆ ಹಚ್ಚುವ ಪಟ್ಟಿಯಾಗಿಯೋ ಜೀವಕೋಶ ಬೆಳೆಸುವ ಆಸರೆಯಾಗಿಯೋ ಬಳಸುವವರು ಮಂಜಿನ ಹರಳುಗಳನ್ನು ಬೇಕೆಂದೇ ಅಚ್ಚಾಗಿಸಿಕೊಂಡು ರಂಧ್ರ ಮಾಡುತ್ತಾರೆ, ಅವರಿಗೆ ಆ ರಂಧ್ರಗಳೇ ಉತ್ಪನ್ನ. ಈ ಪ್ರಬಂಧದ ಜೆಲ್ ಮಾತ್ರ ಒದ್ದೆಯಾಗಿಯೇ ಔಷಧ ಬಿಡುಗಡೆ ಮಾಡಬೇಕಾದದ್ದು. ಕೊನೆಗೆ ಮೂರು ಚಿತ್ರಗಳ ಬದಲು ಒಂದೇ ಚಿತ್ರ, ಅದರ ಪಕ್ಕದಲ್ಲಿ ಕ್ಯಾಲ್ಸಿಯಂ ಇಲ್ಲದ ದ್ರಾವಣದ ಚಿತ್ರ, ಅಡಿಬರಹದಲ್ಲಿ ಹೆಪ್ಪುಗಟ್ಟಿಸಿದ ಉಷ್ಣತೆ ಮತ್ತು ಅವಧಿ ಎಂದು ಒಪ್ಪಂದವಾಯಿತು. ಜಾಲದ ಕಣ್ಣಿನ ಅಳತೆ ರಿಯೋಮೀಟರ್ ಲೆಕ್ಕದಿಂದ ಬಂದು ಬೇರೆ ಕೋಷ್ಟಕಕ್ಕೆ ಹೋಯಿತು, ಅಲ್ಲಿ ಕ್ಯಾಲ್ಸಿಯಂ ಹೆಚ್ಚಿದಂತೆ ಕಣ್ಣು ಕಿರಿದಾಗುವ ಕ್ರಮ ನ್ಯಾನೋಮೀಟರ್‌ಗಳಲ್ಲಿ ಸಿಕ್ಕಿತು.

ಕೊನೆಯ ಪ್ರಯೋಗ ಅವರದೇ ಆಲೋಚನೆ. ಫ್ರೀಜ್ ಡ್ರೈಯರ್‌ನಿಂದ ತೆಗೆದ ಒಣ ಬಿಲ್ಲೆಯೊಂದನ್ನು ಕ್ಯಾಲ್ಸಿಯಂ ಬೆರೆಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಹೆಪ್ಪುಗಟ್ಟಿಸದ ಹೊಸ ಬಿಲ್ಲೆಯೊಂದರ ಪಕ್ಕ ವೃತ್ತಪತ್ರಿಕೆಯ ಮೇಲಿಟ್ಟರು. ಸಂಯೋಜನೆ ಒಂದೇ, ಗಾತ್ರವೂ ಹೆಚ್ಚುಕಡಿಮೆ ಒಂದೇ. ಹೊಸ ಬಿಲ್ಲೆಯ ಮೂಲಕ ಮಾರುಕಟ್ಟೆಯ ಅಡಿಕೆ ದರ ಓದಲು ಬರುತ್ತಿತ್ತು, ಬೆರಳಿನಿಂದ ಒತ್ತಿದರೆ ತುಸು ಬಾಗಿ ಹಿಂದಿರುಗುತ್ತಿತ್ತು. ನೆನೆಸಿದ ಬಿಲ್ಲೆ ಸುಣ್ಣದಂತೆ ಬೆಳ್ಳಗಿತ್ತು, ಒತ್ತಿದಾಗ ಅದರಿಂದ ನೀರು ಹರಿದು ಕಾಗದ ಒದ್ದೆಯಾಯಿತು. ಮೊಬೈಲ್‌ನಲ್ಲಿ ತೆಗೆದ ಆ ಫೋಟೋ ಪ್ರಬಂಧದ ನಾಲ್ಕನೇ ಅಧ್ಯಾಯದಲ್ಲಿ ಸೆಮ್ ಚಿತ್ರಕ್ಕಿಂತ ಮುಂಚಿನ ಪುಟದಲ್ಲಿದೆ.